ಜೇನು ಪೆಟ್ಟಿಗೆ ತಗೊಳ್ಳಿ, ಚಳಿಗಾಲದ ಕ್ಲೀನಿಂಗ್ ಪ್ಯಾಕೇಜ್ ಬೇಡ ಅನ್ನಿ

ಪೆಟ್ಟಿಗೆಗೆ ನಾಲ್ಕು ಸ್ಟಾರ್, ಸರ್ವಿಸಿಗೆ ಎರಡು, ಆ ಎರಡರಲ್ಲೂ ಒಂದೂವರೆ ಆಮೇಲೆ ಬಂದ ಹಿರಿಯರಿಗೆ ಸೇರಿದ್ದು. ಪೂರ್ತಿ ಓದ್ಲಿಕ್ಕೆ ಪುರುಸೊತ್ತಿಲ್ಲದವ್ರು ಇಷ್ಟೇ ತಗೊಂಡು ಹೋಗಿ. ಪೆಟ್ಟಿಗೆ ತಗೊಳ್ಳಿ, ಅದ್ರ ಒಟ್ಟಿಗೆ "ಚಳಿಗಾಲದ ಕ್ಲೀನಿಂಗ್ ಪ್ಯಾಕೇಜ್" ಅಂತ ಒಂದು ಸೇರಿಸಿ ಬಿಲ್ ಮಾಡ್ತಾರಲ್ಲ, ಅದು ಮಾತ್ರ ಬೇಡ ಅನ್ನಿ. ಯಾಕೆ ಅಂತ ಕೇಳುವವ್ರಿಗೆ ಮುಂದಿನದ್ದು, ಸ್ವಲ್ಪ ಉದ್ದ ಉಂಟು.

ನಾವಿರುದು ಉಡುಪಿಯಿಂದ ಹಿರಿಯಡ್ಕ ಸೈಡಿಗೆ, ಅಡಿಕೆ ತೆಂಗು ಇರುವ ಸಣ್ಣ ತೋಟ, ಹಿಂದೆ ಗುಡ್ಡೆಯಲ್ಲಿ ಒಂದಿಷ್ಟು ಗೇರು, ಆಚೆ ಮನೆಯವ್ರದ್ದು ರಬ್ಬರ್. ಜೇನಿಗೆ ಒಳ್ಳೆ ಜಾಗ ಅಂತ ಎಲ್ಲರೂ ಹೇಳ್ತಿದ್ರು. ಅಂಗಡಿ ಹೆಸರು ಇಲ್ಲಿ ಹಾಕುದಿಲ್ಲ, ಜಗಳ ಮಾಡ್ಲಿಕ್ಕೆ ಬರೀತಾ ಇರುದಲ್ಲ, ಮತ್ತೆ ಈ ಕ್ಲೀನಿಂಗ್ ಅನ್ನುವ ವ್ಯಾಪಾರ ಈಗ ಒಂದೇ ಅಂಗಡಿಯದ್ದಲ್ಲ. ಎಂಟು ಚೌಕಟ್ಟಿನ ಪೆಟ್ಟಿಗೆ, ಒಂದು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಊರ ಜೇನು) ಕುಟುಂಬ, ಕಬ್ಬಿಣದ ಸ್ಟ್ಯಾಂಡ್, ಒಂದು ಮುಖಪರದೆ, ಎಲ್ಲ ಸೇರಿ ಐದು ಸಾವಿರ ಚಿಲ್ಲರೆ. ಪ್ಯಾಕೇಜ್ ಬೇರೆ.

ಮೊದ್ಲು ಪೆಟ್ಟಿಗೆ. ಹೆಬ್ಬಲಸಿನ ಹಲಗೆ, ಗಟ್ಟಿ ಉಂಟು, ಒಂದು ಇಡೀ ಮಳೆಗಾಲ ಕಳೆದು ಬಂದ ಡೆಮೋ ಪೀಸ್ ತೋರಿಸಿದ್ರು, ಅದೂ ಸೊಟ್ಟ ಆಗಿರ್ಲಿಲ್ಲ. ಆದ್ರೆ ನಾನು ಈ ಪೆಟ್ಟಿಗೆಗೆ ನಾಲ್ಕು ಸ್ಟಾರ್ ಕೊಟ್ಟದ್ದು ಮರ ನೋಡಿ ಅಲ್ಲ, ಅಡಿಹಲಗೆ ನೋಡಿ. ಇದ್ರ ಅಡಿಹಲಗೆಗೆ ಮೊಳೆ ಹೊಡೆದಿಲ್ಲ. ಹಿಂದಿನಿಂದ ಎಳೆದ್ರೆ ಜಾರಿ ಹೊರಗೆ ಬರ್ತದೆ, ಮೇಲೆ ಮರಿ ಬೆಳೆಸುವ ಸಂಸಾರದ ಕೋಣೆಯನ್ನು ಮುಟ್ಟುದೇ ಬೇಡ, ಜೇನುನೊಣಗಳಿಗೆ ಗೊತ್ತೂ ಆಗುದಿಲ್ಲ. ಮಾರ್ಕೆಟಲ್ಲಿ ಸಿಗುವ ಕಮ್ಮಿ ರೇಟಿನ ಪೆಟ್ಟಿಗೆಗಳಲ್ಲಿ ಈ ಹಲಗೆಯನ್ನು ಡಬ್ಬ ಡಬ್ಬ ಮೊಳೆ ಹೊಡೆದು ಕೂರಿಸಿರ್ತಾರೆ, ಅದನ್ನು ತಗೊಂಡ್ರೆ ಅಡಿ ನೋಡ್ಬೇಕು ಅಂದ್ರೆ ಇಡೀ ಮನೆ ಬಿಚ್ಚಬೇಕು.

ಅಡಿಹಲಗೆ ಯಾಕೆ ಇಷ್ಟು ಮುಖ್ಯ ಅಂದ್ರೆ, ಜೇನಿನ ಮನೆಯ ಕಸ ಎಲ್ಲ ಬಂದು ಬೀಳುದು ಅಲ್ಲಿಗೇ. ಮರಿ ನೊಣ ಹೊರಗೆ ಬರುವಾಗ ಕಡಿದು ಬಿಸಾಡಿದ ಮೇಣದ ಮುಚ್ಚಳ, ಕಾಲಿನಿಂದ ಜಾರಿದ ಪರಾಗದ ಉಂಡೆ, ಸತ್ತ ನೊಣ, ಇರುವೆಯ ಕಾಲು ರೆಕ್ಕೆ, ಎಲ್ಲ. ಅದ್ರ ಮೇಲೆ ನಮ್ಮ ತುಡುವೆಗೆ ಒಂದು ಅಭ್ಯಾಸ ಉಂಟು, ಎರಿ (ಮೇಣದ ಕೋಶಗಳ ಹಲ್ಲೆ) ಹಳತಾಗಿ ಕಪ್ಪಾಯ್ತು ಅಂದ್ರೆ ಅದನ್ನು ತಾನೇ ಕಚ್ಚಿ ಕಚ್ಚಿ ಕೆಳಗೆ ಉದುರಿಸಿ ಬಿಡ್ತದೆ, ಮತ್ತೆ ಅಲ್ಲೇ ಹೊಸತು ಕಟ್ತದೆ. ಯುರೋಪಿನ ಮೆಲ್ಲಿಫೆರಾ ಜೇನು ಹಾಗೆ ಮಾಡುದು ಕಮ್ಮಿ, ವರ್ಷಗಟ್ಲೆ ಅದೇ ಕಪ್ಪು ಎರಿಯಲ್ಲಿ ಇರ್ತದೆ. ನವೆಂಬರ್ ಡಿಸೆಂಬರಲ್ಲಿ, ಮಳೆ ಬಿಟ್ಟು ಕುಟುಂಬ ಮತ್ತೆ ಬೆಳೀಲಿಕ್ಕೆ ಶುರು ಮಾಡುವ ಟೈಮಲ್ಲಿ, ಹಲಗೆ ಎಳೆದು ನೋಡಿ, ಕಾಫಿ ಪುಡಿ ಚೆಲ್ಲಿದ ಹಾಗೆ ಕಂದು ಹುಡಿ ಸಾಲು ಸಾಲಾಗಿ ಬಿದ್ದಿರ್ತದೆ. ಅದೂ ಎಲ್ಲಾ ಕಡೆ ಅಲ್ಲ, ಎರಡೆರಡು ಎರಿಯ ನಡುವಿನ ಸಂದಿಗೆ ಸರಿಯಾಗಿ ಗೆರೆ ಹಾಕಿದ ಹಾಗೆ. ಆ ಗೆರೆ ಎಣಿಸಿದ್ರೆ ಮೇಲೆ ಎಷ್ಟು ಎರಿಯಲ್ಲಿ ಕೆಲಸ ನಡೀತಾ ಉಂಟು ಅಂತ ಪೆಟ್ಟಿಗೆ ತೆರೆಯದೇ ಗೊತ್ತಾಗ್ತದೆ. ಗೆರೆ ಪೆಟ್ಟಿಗೆಯ ಒಂದೇ ಬದಿಗೆ ಇದ್ರೆ ಕುಟುಂಬ ಸಣ್ಣದು, ಎಲ್ಲ ಆ ಬದಿಗೇ ಸೇರಿಕೊಂಡಿವೆ ಅಂತ.

ಈ ಹುಡಿಯನ್ನು ನೊಣಗಳು ಬಾಗಿಲಿಗೆ ತಂದು ಹಾಕ್ತವೆ, ಆದ್ರೆ ಎಲ್ಲವನ್ನೂ ಅಲ್ಲ. ಮೂಲೆಯಲ್ಲಿ, ಹಲಗೆಯ ಬಿರುಕಲ್ಲಿ ಉಳಿದದ್ದಕ್ಕೆ ಮೇಣದ ಹುಳ (ಒಂದು ಜಾತಿ ಪತಂಗ) ಬಂದು ಮೊಟ್ಟೆ ಇಡ್ತದೆ. ಅದ್ರ ಮರಿ ಎರಿಯ ಒಳಗೆ ಸುರಂಗ ಕೊರೆದು ಜೇಡರ ಬಲೆ ಹಾಗಿನ ನೂಲು ಕಟ್ಟಿಕೊಂಡು ಹೋದ್ರೆ ಮುಗೀತು, ತುಡುವೆಗೆ ತಾಳ್ಮೆ ಇಲ್ಲ, ಒಂದು ದಿನ ರಾಣಿಯನ್ನು ಕರ್ಕೊಂಡು ಪರಾರಿ. ಜನ ಬೊಬ್ಬೆ ಹೊಡೀತಾರೆ ಜೇನು ಓಡಿ ಹೋಯ್ತು, ಜಾಗ ಸರಿ ಇಲ್ಲ, ದೃಷ್ಟಿ ಆಯ್ತು ಅಂತ, ಅಡಿಹಲಗೆ ನೋಡಿದವ್ರು ಯಾರೂ ಇಲ್ಲ. ವಾರ ಹತ್ತು ದಿನಕ್ಕೊಮ್ಮೆ ಹಲಗೆ ಎಳೆದು, ಒಂದು ಹಳೆ ಬ್ರಷ್ಷಲ್ಲಿ ಗುಡಿಸಿ, ಹುಡಿಯನ್ನು ದೂರ ಚೆಲ್ಲಿ ಅಥವಾ ಸುಟ್ಟು, ಹಲಗೆ ಸ್ವಲ್ಪ ಬಿಸಿಲಿಗೆ ತೋರಿಸಿ ಮತ್ತೆ ತುರುಕಿದ್ರೆ ಆಯ್ತು. ಎರಡು ನಿಮಿಷದ ಕೆಲಸ. ಮನುಷ್ಯರು ಮಾಡ್ಬೇಕಾದ ಕ್ಲೀನಿಂಗ್ ಅಂದ್ರೆ ಅಷ್ಟೇ ಮಾರಾಯ್ರೆ, ಉಳಿದದ್ದೆಲ್ಲ ಅವೇ ಮಾಡ್ಕೊಳ್ತವೆ. ಪ್ಯಾಕೇಜ್ ಬೇಡ ಅಂತ ನಾನು ಹೇಳುದು ಇದಕ್ಕೇ.

ಒಂದು ಸ್ಟಾರ್ ಎಲ್ಲಿ ಕಟ್ ಆಯ್ತು ಅಂತಲೂ ಹೇಳ್ಬೇಕು. ಬಾಗಿಲು ಅಗಲ ಜಾಸ್ತಿ, ಸಣ್ಣ ಮಾಡ್ಲಿಕ್ಕೆ ಒಂದು ಮರದ ತುಂಡು ಕೊಡ್ಬೇಕಿತ್ತು, ಕೊಡ್ಲಿಲ್ಲ, ನಮ್ಮವ್ರು ಬಿದಿರು ಸೀಳಿ ಇಟ್ರು. ಚಳಿಯಲ್ಲಿ ಬಾಗಿಲು ಸಣ್ಣ ಇದ್ರೆ ಅವಕ್ಕೆ ಕಾವಲು ಕಾಯ್ಲಿಕ್ಕೂ ಸುಲಭ, ಒಳಗೆ ಬೆಚ್ಚಗೆ ಇಡ್ಲಿಕ್ಕೂ ಸುಲಭ. ಆಮೇಲೆ ಮೇಲಿನ ಮುಚ್ಚಳದ ಗಾಳಿ ತೂತಿಗೆ ಹಾಕಿದ ತಂತಿ ಬಲೆ. ನಮ್ಮಲ್ಲಿಂದ ಸಮುದ್ರ ಎಂತ ದೂರ ಇಲ್ಲ, ಒಂದೇ ಸೀಸನ್ನಿಗೆ ತುಕ್ಕು ಹಿಡಿದು ಹುಡಿ ಉದುರ್ತಾ ಉಂಟು. ಮಲ್ಪೆ ಕಾಪು ಸೈಡಿನವ್ರು ತಗೊಳ್ಳುವಾಗ ಸ್ಟೀಲ್ ಬಲೆಯೇ ಹಾಕಿ ಕೊಡಿ ಅಂತ ಕೇಳಿ. ಗಾಳಿ ತೂತು ಮುಚ್ಚಿ ಹೋದ್ರೆ ಚಳಿಗಾಲದಲ್ಲಿ ಇನ್ನೊಂದು ಉಪದ್ರ. ಒಳಗೆ ಮರಿ ಇರುವಲ್ಲಿ ಮೂವತ್ತನಾಲ್ಕು ಡಿಗ್ರಿ ಹತ್ರ ಬಿಸಿ, ರಾತ್ರಿ ಹೊರಗೆ ಇಪ್ಪತ್ತಕ್ಕೆ ಇಳೀತದೆ, ಮಕರಂದದ ನೀರು ಬೇರೆ ಆವಿ ಆಗ್ತಾ ಇರ್ತದೆ, ಎಲ್ಲ ಹೋಗಿ ಮುಚ್ಚಳದ ತಗಡಿನ ಅಡಿಗೆ ಹನಿ ಕಟ್ತದೆ, ಅಲ್ಲಿಂದ ಎರಿ ಮೇಲೆ ತೊಟ್ಟಿಕ್ತದೆ. ಬೂಸ್ಟು ಬರುದು ಹೀಗೆ. ತಗಡಿನ ಅಡಿಗೆ ಒಂದು ಗೋಣಿ ತುಂಡು ಹಾಸಿದ ಮೇಲೆ ನಮ್ಮದ್ರಲ್ಲಿ ಸರಿ ಆಯ್ತು.

ಈ ತೇವ ತೆಗೀಲಿಕ್ಕೆ ಅವು ಬೀಸಣಿಗೆ ಹಾಕುದನ್ನು ಒಮ್ಮೆ ಕೂತು ನೋಡ್ಬೇಕು. ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬಡೀತಾ ಇರ್ತವೆ. ತುಡುವೆ ತಲೆ ಹೊರಗೆ ಮಾಡಿ ನಿಲ್ತದೆ, ಹೊರಗಿನ ಗಾಳಿಯನ್ನು ಒಳಗೆ ತಳ್ಳುದು. ಮೆಲ್ಲಿಫೆರಾ ಇದ್ರ ಉಲ್ಟಾ, ತಲೆ ಬಾಗಿಲ ಕಡೆಗೆ, ಒಳಗಿನದ್ದನ್ನು ಹೊರಗೆ ಎಳೆಯುದು. ಇನ್ನೊಂದು ವ್ಯತ್ಯಾಸ, ಮೆಲ್ಲಿಫೆರಾ ಮರದ ಅಂಟು ತಂದು ಬಿರುಕು ಎಲ್ಲ ಮುಚ್ಚಿಕೊಳ್ತದೆ, ಹೊರಗೆ ಸಾಗಿಸ್ಲಿಕ್ಕೆ ಆಗದ ಓತಿ, ಇಲಿ ಒಳಗೆ ಸತ್ರೆ ಅದ್ರ ಮೇಲೂ ಅಂಟು ಬಳಿದು ಬಿಡ್ತದೆ. ತುಡುವೆ ಅಂಟು ತರುವ ಜಾತಿಯೇ ಅಲ್ಲ. ಅಂದ್ರೆ ಪೆಟ್ಟಿಗೆಯ ಜಾಯಿಂಟಲ್ಲಿ ಬಿರುಕು ಬಿಟ್ರೆ ಅದು ಬಿರುಕಾಗಿಯೇ ಇರ್ತದೆ, ಆಚಾರಿ ಮಾಡಿದ ಕೆಲಸ ಎಷ್ಟು ನೀಟೋ ಜೇನಿನ ಮನೆ ಅಷ್ಟು ನೀಟು. ಈ ಪೆಟ್ಟಿಗೆಯ ಜಾಯಿಂಟ್ ಚಂದ ಉಂಟು, ಸುಳ್ಳು ಹೇಳ್ಬಾರ್ದು.

ಸ್ಟ್ಯಾಂಡ್ ಓಕೆ. ನಾಲ್ಕು ಕಾಲಿಗೂ ಇರುವೆ ಬಾರದ ಹಾಗೆ ನೀರು ಹಾಕುವ ಬಟ್ಟಲು ಉಂಟು, ಆದ್ರೆ ಅದ್ರಲ್ಲಿ ನೀರು ನಿಲ್ಲಿಸಿದ್ರೆ ಸೊಳ್ಳೆ ಆಗ್ತದೆ, ನಮ್ಮಲ್ಲಿಗೆ ಡೆಂಗ್ಯೂ ಸರ್ವೆಗೆ ಬಂದ ಆಶಾ ಕಾರ್ಯಕರ್ತೆಯವ್ರು ನೋಡಿ ಬೈದು ಹೋದ್ರು. ಈಗ ಸುಟ್ಟ ಎಂಜಿನ್ ಆಯಿಲ್ ಹಾಕ್ತೇವೆ, ಅದ್ರ ಮೇಲೆ ತೆಂಗಿನ ಗರಿ ಎಂತ ಬೀಳದ ಹಾಗೆ ನೋಡ್ಕೊಳ್ಬೇಕು, ಬಿದ್ರೆ ಇರುವೆಗೆ ಅದೇ ಸಂಕ.

ಈಗ ಪ್ಯಾಕೇಜ್. ನವೆಂಬರಿಂದ ಫೆಬ್ರವರಿ ತನಕ ತಿಂಗಳಿಗೊಮ್ಮೆ ಬಂದು "ಡೀಪ್ ಕ್ಲೀನಿಂಗ್" ಮಾಡ್ತೇವೆ, ಚಳಿಯಲ್ಲಿ ನೊಣಗಳು ಮಂಕಾಗಿರ್ತವೆ, ಅವಕ್ಕೆ ಗೂಡು ಕ್ಲೀನ್ ಮಾಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ನಾವೇ ಮಾಡ್ಬೇಕು ಅಂತ ಅಂಗಡಿಯಲ್ಲಿ ಹೇಳಿದ್ದು. ಕೇಳ್ಲಿಕ್ಕೆ ಸರಿ ಅಂತ ಕಾಣ್ತದೆ. ಚಳಿ ದೇಶಗಳಲ್ಲಿ ಅದ್ರಲ್ಲಿ ಸತ್ಯವೂ ಉಂಟು, ಅಲ್ಲಿ ತಿಂಗಳುಗಟ್ಲೆ ಮುದ್ದೆಯಾಗಿ ಕೂತಿರ್ತವೆ, ಸತ್ತವು ಕೆಳಗೆ ರಾಶಿ ಬಿದ್ದು ಬಾಗಿಲೇ ಬ್ಲಾಕ್ ಆಗುದುಂಟು, ಆಗ ಸಾಕುವವ್ರು ಕಡ್ಡಿ ಹಾಕಿ ಬಾಗಿಲು ಬಿಡಿಸ್ಬೇಕಾಗ್ತದೆ. ಆದ್ರೆ ನಮ್ಮಲ್ಲಿ ಚಳಿ ಅಂದ್ರೆ ಎಂತ? ಬೆಳಿಗ್ಗೆ ಮೂಡು ಗಾಳಿ ಬೀಸುವಾಗ ಅಜ್ಜಿಯಂದಿರು ತಲೆಗೆ ಮಫ್ಲರ್ ಕಟ್ಕೊಳ್ತಾರೆ, ಒಂಬತ್ತು ಗಂಟೆಗೆ ಬೆವರು. ತುಡುವೆ ಮೆಲ್ಲಿಫೆರಾಗಿಂತ ಕಮ್ಮಿ ಬಿಸಿಯಲ್ಲೂ ಹಾರುವ ಜಾತಿ ಬೇರೆ. ಉಡುಪಿಯ ಚಳಿಗೆ ಅದು ಮಂಕಾಗ್ತದೆ ಅನ್ನುದು ಯೂಟ್ಯೂಬಿನ ಕೆನಡಾ ವಿಡಿಯೋ ನೋಡಿ ಕಟ್ಟಿದ ಮಾತು.

ಫಸ್ಟ್ ವಿಸಿಟಿಗೆ ಒಬ್ಬ ಹುಡುಗನನ್ನು ಕಳಿಸಿದ್ರು. ಪಾಪ ಅವ್ನ ತಪ್ಪಲ್ಲ, ಅವ್ನಿಗೆ ಹೇಳಿ ಕಳಿಸಿದ್ದೇ ಹಾಗೆ, ಬೇರೆ ಮನೆಗಳಿಗೂ ಹೋಗ್ಲಿಕ್ಕುಂಟು ಅಂತ ಏಳು ಗಂಟೆಗೇ ಬಂದ. ಇಬ್ಬನಿ ಇನ್ನೂ ಆರಿರ್ಲಿಲ್ಲ. ಹೊಗೆ ತಿದಿಗೆ ತೆಂಗಿನ ನಾರು ತುರುಕಿ ಜೋರು ಹೊಗೆ ಕೊಟ್ಟು, ಚೌಕಟ್ಟು ಒಂದೊಂದೇ ಎತ್ತಿ ಗೋಡೆಗೆ ಒರಗಿಸಿ ಇಟ್ಟು, ಪೆಟ್ಟಿಗೆಯ ಒಳಬದಿ ಎಲ್ಲ ಉಜ್ಜಿ, ಮೇಲೆ ಗಂಧಕದ ಹುಡಿ ಚಿಮುಕಿಸಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ ಹೋದ. ಫೋಟೋದಲ್ಲಿ ಪೆಟ್ಟಿಗೆ ಪಳಪಳ. ಗಂಧಕ ಹಾಕುದು ಜೇನಿನ ಮೈಗೆ ಹತ್ತುವ ನುಸಿಗೆ, ಕಸಕ್ಕಲ್ಲ, ನಮ್ಮ ಗೂಡಲ್ಲಿ ನುಸಿ ಉಂಟಾ ಅಂತ ಅವ ನೋಡ್ಲೂ ಇಲ್ಲ, ಬಿಲ್ಲಲ್ಲಿ ಮಾತ್ರ "ಕ್ಲೀನಿಂಗ್ ಪೌಡರ್" ಅಂತ ಬಂತು.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನ ಎದುರು ಮಣ್ಣಲ್ಲಿ ಬಿಳಿ ಬಿಳಿ ಮರಿಗಳು. ಮುಷ್ಟಿ ತುಂಬುವಷ್ಟಿತ್ತು. ಕೆಲವಕ್ಕೆ ಕಣ್ಣು ಮೂಡಿತ್ತು, ಮೈ ಇನ್ನೂ ಹಾಲು ಬಣ್ಣ. ಆಚೆ ಈಚೆ ಮನೆಯವ್ರು ರೋಗ ಬಂತು ಅಂತ ಹೆದರಿಸಿದ್ರು. ನಾನು ಅಂಗಡಿಗೆ ಫೋನ್ ಮಾಡಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ, ಮೆಸೇಜಿಗೆಲ್ಲ ಅವ್ರು ರಿಪ್ಲೈ ಕೊಡುದು ಆರಾಮಲ್ಲಿ, ಫೋನೇ ಮಾಡ್ಬೇಕು. ಆಗ ಕಳಿಸಿದ್ದು ಈ ಹಿರಿಯರನ್ನು. ಇವ್ರು ಬಂದದ್ದು ಬಿಸಿಲು ಏರಿ ಹನ್ನೊಂದು ಗಂಟೆ ಹೊತ್ತಿಗೆ, ಹೊಗೆ ತಿದಿ ಸ್ಕೂಟರಲ್ಲೇ ಬಿಟ್ರು, ಬಂದವ್ರೇ ಪೆಟ್ಟಿಗೆ ಮುಟ್ಲಿಲ್ಲ, ಎದುರು ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದ್ರು. ಒಂದು ಮರಿಯನ್ನು ಕಡ್ಡಿಯಲ್ಲಿ ಎತ್ತಿ ತಿರುಗಿಸಿ ತಿರುಗಿಸಿ ನೋಡಿ, "ಅಕ್ಕ, ಇದು ರೋಗ ಅಲ್ಲ, ಹೆದ್ರಬೇಡಿ. ಚಳಿ ಹಿಡಿದು ಸತ್ತದ್ದು. ಸತ್ತದ್ದನ್ನು ಅವು ಎಳೆದು ಹಾಕಿವೆ ಅಷ್ಟೇ" ಅಂದ್ರು.

"ಅಣ್ಣ, ನೀವು ಕ್ಲೀನ್ ಮಾಡ್ಲಿಕ್ಕೆ ಬಂದದ್ದಲ್ವಾ?" ಅಂತ ಕೇಳಿದ್ರೆ ನಗಾಡಿದ್ರು. "ಮಾಡ್ಲಿಕ್ಕೆ ಎಂತ ಉಂಟು, ಹೇಳಿ? ಅವು ಮಾಡಿ ಆಗಿದೆ."

ಇದು ಸ್ವಲ್ಪ ಬಿಡಿಸಿ ಹೇಳ್ತೇನೆ. ಮರಿಗಳಿಗೆ ಆ ಮೂವತ್ತನಾಲ್ಕು ಡಿಗ್ರಿ ಬಿಸಿ ಬೇಕೇ ಬೇಕು, ದೊಡ್ಡ ನೊಣಗಳು ಮೈ ಅದುರಿಸಿ ಆ ಬಿಸಿ ಕೊಡ್ತಾ ಇರ್ತವೆ. ಇಬ್ಬನಿ ಬೀಳುವ ಹೊತ್ತಿಗೆ ಚೌಕಟ್ಟು ಎತ್ತಿ ಗೋಡೆಗೆ ಒರಗಿಸಿ ಇಟ್ರೆ ಮರಿ ಉಳೀತದಾ? ಸತ್ತ ಮರಿ ಒಳಗೆ ಕೊಳೀಲಿಕ್ಕೆ ಅವು ಬಿಡುದಿಲ್ಲ, ಮುಚ್ಚಳ ಕಡಿದು, ತುಂಡು ಮಾಡಿ, ಎಳೆದು ತಂದು ಹೊರಗೆ ಹಾಕ್ತವೆ. ಅಂದ್ರೆ ಕ್ಲೀನಿಂಗ್ ಅಂತ ದುಡ್ಡು ಕೊಟ್ಟು ನಾವು ಅವಕ್ಕೆ ಹೊಸ ಕಸ ಮಾಡಿ ಕೊಟ್ಟೆವು. ಎರಡು ಸ್ಟಾರ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಈ ಮುಚ್ಚಳ ಕಡಿದು ಮರಿ ಎಳೆಯುವ ಗುಣದ ಮೇಲೆ ವಿಜ್ಞಾನಿಗಳು ತುಂಬಾ ಕೆಲಸ ಮಾಡಿದ್ದಾರೆ. ಅಮೆರಿಕದ ವಾಲ್ಟರ್ ರೊಥೆನ್‌ಬುಹ್ಲರ್ ಅನ್ನುವವ್ರು 1964ರಲ್ಲೇ ತೋರಿಸಿದ್ದು, ರೋಗ ಬಂದ ಮರಿಯ ಮುಚ್ಚಳ ಬಿಚ್ಚುದು ಮತ್ತೆ ಅದನ್ನು ಹೊರಗೆ ಹಾಕುದು ಹುಟ್ಟಿನಿಂದ ಬರುವ ಗುಣ, ಕೆಲವು ಕುಟುಂಬಗಳಲ್ಲಿ ಉಂಟು, ಕೆಲವದ್ರಲ್ಲಿ ಇಲ್ಲ ಅಂತ. ತುಡುವೆ ಈ ವಿಷಯದಲ್ಲಿ ಹುಷಾರು. ಈಗ ಪ್ರಪಂಚ ಇಡೀ ಮೆಲ್ಲಿಫೆರಾ ಸಾಕುವವ್ರ ಮಂಡೆ ಬಿಸಿ ಮಾಡಿದ ವರೋವಾ ನುಸಿ ಮೂಲದಲ್ಲಿ ಏಷ್ಯಾದ ನಮ್ಮ ಈ ಜಾತಿಯ ಮೈಮೇಲಿದ್ದದ್ದೇ. ಇವು ಮೈ ಉಜ್ಜಿ ತೆಗೀತವೆ, ಒಂದ್ರ ಬೆನ್ನು ಇನ್ನೊಂದು ನೋಡ್ತದೆ, ನುಸಿ ಹೊಕ್ಕ ಮರಿಯನ್ನು ಎಳೆದು ಹಾಕ್ತವೆ, ಹಾಗೆ ಎಷ್ಟೋ ಕಾಲದಿಂದ ಅದ್ರ ಒಟ್ಟಿಗೇ ಬದುಕಿ ಬಂದಿವೆ. ಹಾಗಂತ ಎಲ್ಲಾ ರೋಗಕ್ಕೂ ಇದು ಸಾಕಾಗುದಿಲ್ಲ. ಥಾಯ್ ಸ್ಯಾಕ್‌ಬ್ರೂಡ್ ಅಂತ ವೈರಸ್ ರೋಗ, 1976ರಲ್ಲಿ ಥಾಯ್ಲೆಂಡಲ್ಲಿ ಮೊದ್ಲು ಕಂಡದ್ದು, ತೊಂಬತ್ತರ ದಶಕದ ಶುರುವಿನಲ್ಲಿ ದಕ್ಷಿಣ ಭಾರತಕ್ಕೆ ಬಂದು ತುಡುವೆ ಪೆಟ್ಟಿಗೆಗಳನ್ನು ಸಾಲು ಸಾಲಾಗಿ ಖಾಲಿ ಮಾಡಿತು. ಆ ಟೈಮಲ್ಲಿ ಜೇನು ಬಿಟ್ಟವ್ರು ಮತ್ತೆ ಸಾಕ್ಲಿಕ್ಕೇ ಹೋಗ್ಲಿಲ್ಲ, ಹಳೆ ಪೆಟ್ಟಿಗೆ ಈಗ್ಲೂ ಎಷ್ಟೋ ಮನೆಯ ಅಟ್ಟದಲ್ಲಿ ಸಿಗ್ತದೆ. ಅದ್ರ ಗುರುತು ಆ ಹಿರಿಯರೇ ಹೇಳಿಕೊಟ್ಟದ್ದು, ಮರಿ ನೀರು ತುಂಬಿದ ಚೀಲ ಆಗಿರ್ತದೆ, ಕಡ್ಡಿಯಲ್ಲಿ ಎತ್ತಿದ್ರೆ ಜೋತು ಬೀಳ್ತದೆ, ತಲೆ ಭಾಗ ಕಪ್ಪಾಗಿ ಮೇಲೆ ಎದ್ದಿರ್ತದೆ. ನಮ್ಮದ್ರಲ್ಲಿ ಅದು ಇರ್ಲಿಲ್ಲ. ಮದ್ದು ಇಲ್ಲದ ರೋಗ, ಹಾಗಾಗಿ ಹಳೆ ಪೆಟ್ಟಿಗೆ ಅಟ್ಟದಿಂದ ಇಳಿಸಿ ಹಾಗೆಯೇ ಉಪಯೋಗ್ಸಬೇಡಿ, ಒಳಗೆ ಚೆನ್ನಾಗಿ ಬೆಂಕಿ ಹಿಡಿದು ಸುಟ್ಟು ಮತ್ತೆ ಹಾಕಿ.

ಆ ದಿನದ ಮೇಲೆ ನನಗೆ ಬೆಳಿಗ್ಗೆ ಚಾ ಹಿಡ್ಕೊಂಡು ಪೆಟ್ಟಿಗೆ ಎದುರು ಕೂರುವ ಚಟ. ಬಿಸಿಲು ಬಾಗಿಲಿಗೆ ತಾಗುವ ತನಕ ಎರಡು ಮೂರು ಕಾವಲು ನೊಣ ಬಿಟ್ರೆ ಯಾರೂ ಇಲ್ಲ. ಬಿಸಿಲು ತಾಗಿದ್ದೇ ತಡ, ಮೊದ್ಲ ಕೆಲಸ ಹೂವಿಗೆ ಹೋಗುದಲ್ಲ, ರಾತ್ರಿ ಸತ್ತದ್ದನ್ನು ಸಾಗಿಸುದು. ಒಂದು ನೊಣ ಹಿಂದೆ ಹಿಂದೆ ನಡೀತಾ ಸತ್ತ ನೊಣದ ಮೀಸೆ ಕಚ್ಚಿ ಎಳ್ಕೊಂಡು ಬರ್ತದೆ, ಬಾಗಿಲ ಅಂಚಿಗೆ ಬಂದು ಕಾಲು ಬದಲಾಯಿಸಿ ಹಿಡೀತದೆ, ಹಾರ್ಲಿಕ್ಕೆ ನೋಡ್ತದೆ, ಭಾರಕ್ಕೆ ಎರಡೂ ಒಟ್ಟಿಗೆ ಕೆಳಗೆ. ಬಿಡುದಿಲ್ಲ. ಹುಲ್ಲಿನ ದಂಟು ಹತ್ತಿ ಅಲ್ಲಿಂದ ಮತ್ತೆ ಹಾರ್ತದೆ, ಈ ಸಲ ಬಾಳೆ ಬುಡದ ತನಕ ಹೋಗಿ ಬಿಸಾಡಿ ಬಂದು, ಹಿಂದೆ ಬಂದದ್ದೇ ಬಾಗಿಲಲ್ಲಿ ಕೂತು ಮುಂಗಾಲಲ್ಲಿ ಮೀಸೆ ಉಜ್ಜಿ ಉಜ್ಜಿ ಒರೆಸಿಕೊಳ್ತದೆ. ಈ ಹೆಣ ಹೊರುವ ಕೆಲಸ ಎಲ್ಲರದ್ದಲ್ಲವಂತೆ. ಕರ್ಕ್ ವಿಷರ್ ಅನ್ನುವ ವಿಜ್ಞಾನಿ 1983ರಲ್ಲಿ ಮೆಲ್ಲಿಫೆರಾ ಗೂಡಲ್ಲಿ ನೋಡಿ ಬರೆದದ್ದು, ಯಾವಾಗ ನೋಡಿದ್ರೂ ನೂರರಲ್ಲಿ ಒಂದೋ ಎರಡೋ ನೊಣ ಮಾತ್ರ ಅದನ್ನು ಮಾಡುದು, ಸತ್ತದ್ದನ್ನು ಬದುಕಿದ್ದರಿಂದ ಬೇರೆ ಮಾಡುದು ವಾಸನೆ ಮೇಲೆ. ಕತ್ತಲಲ್ಲಿ, ಸಾವಿರಾರು ನೊಣಗಳ ನಡುವೆ, ಸತ್ತು ಸ್ವಲ್ಪ ಹೊತ್ತಿಗೇ ಕಂಡು ಹಿಡೀತವೆ.

ಮತ್ತೆ ಇನ್ನೊಂದು, ಎದುರು ಬಿದ್ದ ನೊಣ ನೋಡಿ ಎಲ್ಲದಕ್ಕೂ ಗಾಬರಿ ಆಗುದು ಬೇಡ. ಕೆಲಸಗಾರ ನೊಣ ಹೆಚ್ಚಿನದ್ದು ಹೊರಗೆ ಹೋದಲ್ಲೇ ಸಾಯುದು, ಹಾಗಾಗಿ ದಿನಕ್ಕೆ ಬೆರಳೆಣಿಕೆಯಷ್ಟು ಬಾಗಿಲ ಎದುರು ಕಂಡ್ರೆ ಅದು ಮನೆ ಗುಡಿಸಿದ ಲೆಕ್ಕ. ಒಂದೇ ದಿನ ರಾಶಿ ಬಿದ್ದು, ನಾಲಗೆ ಹೊರಗೆ ಚಾಚಿ ಸತ್ತಿದ್ರೆ ಮಾತ್ರ ಹತ್ರದಲ್ಲಿ ಯಾರೋ ವಿಷ ಹೊಡೆದಿದ್ದಾರೆ ಅಂತ ತಿಳ್ಕೊಳ್ಳಿ. ಶಂಕರಪುರ ಸೈಡಲ್ಲಿ ಮಲ್ಲಿಗೆ ಗಿಡ ಇರುವವ್ರ ಪಕ್ಕ ಪೆಟ್ಟಿಗೆ ಇಡುದಾದ್ರೆ, ಮದ್ದು ಬಿಡುವ ದಿನ ಮೊದ್ಲೇ ತಿಳಿಸಿ ಅಂತ ಅವ್ರ ಹತ್ರ ಒಂದು ಮಾತು ಹೇಳಿ ಇಡಿ, ಬೈಗೆ ನೊಣ ಎಲ್ಲ ಗೂಡಿಗೆ ಸೇರಿದ ಮೇಲೆ ಬಿಟ್ರೆ ಇನ್ನೂ ಒಳ್ಳೆದು.

ಅಂಗಡಿಯವ್ರ ಮೇಲೆ ನನ್ನ ದೊಡ್ಡ ಸಿಟ್ಟು ಇನ್ನೊಂದು ಉಂಟು. ಪೆಟ್ಟಿಗೆ ಇಟ್ಟು ಕೊಡ್ಲಿಕ್ಕೆ ಬಂದವ್ರು ಬಾಗಿಲನ್ನು ಅಂಗಳಕ್ಕೆ ಮುಖ ಮಾಡಿ ಇಟ್ಟು ಹೋದ್ರು. ಡಿಸೆಂಬರಲ್ಲಿ ಅಂಗಳ ಇಡೀ ಅಡಿಕೆ ಹರಗಿದ್ದು, ಆಚೆ ಬದಿ ಬಟ್ಟೆ ಒಣಗ್ಲಿಕ್ಕೆ ಹಾಕುದು. ನಮ್ಮವ್ರ ಬಿಳಿ ಪಂಚೆಯಲ್ಲಿ ಎಲ್ಲಾ ಹಳದಿ ಚುಕ್ಕೆ. ಅರಿಶಿನ ತಾಗಿದ್ದಾ ಅಂತ ನೋಡಿದ್ರೆ ಕಾರಿನ ಗ್ಲಾಸಲ್ಲೂ ಅದೇ. ಜೇನಿನ ಹಿಕ್ಕೆ ಮಾರಾಯ್ರೆ! ಅವು ಗೂಡಿನ ಒಳಗೆ ಆ ಕೆಲಸ ಮಾಡುದಿಲ್ಲ, ರಾತ್ರಿ ಇಡೀ ತಡ್ಕೊಂಡು ಬಿಸಿಲು ಬಂದ ಕೂಡ್ಲೇ ಗುಂಪಲ್ಲಿ ಹೊರಗೆ ಹಾರಿ ಮುಗಿಸಿ ಬರ್ತವೆ. ಚಳಿ ದೇಶದಲ್ಲಿ ಹೊರಗೆ ಹತ್ತು ಹನ್ನೆರಡು ಡಿಗ್ರಿ ಆದ್ರೂ ಬಾರದೆ ಹಾರ್ಲಿಕ್ಕೆ ಆಗುದಿಲ್ಲ, ಹಾಗಾಗಿ ವಾರಗಟ್ಲೆ, ಕೆಲವು ಸಲ ತಿಂಗಳುಗಟ್ಲೆ ಹೊಟ್ಟೆಯಲ್ಲೇ ಕಟ್ಕೊಂಡು ಕೂರ್ತವಂತೆ. ಅದು ತಪ್ಪಿ ಎರಿ ಮೇಲೆ, ಬಾಗಿಲ ಮೇಲೆ ಕಲೆ ಕಂಡ್ರೆ ಹೊಟ್ಟೆಯ ರೋಗ ಅಂತ ಲೆಕ್ಕ. ನಮ್ಮ ನೊಣಗಳಿಗೆ ದಿನಾ ಬಿಸಿಲು ಉಂಟು, ದಿನಾ ಪಂಚೆ ಉಂಟು.

ಈ ಹಳದಿ ಚುಕ್ಕೆಗೆ ಒಂದು ಕಥೆ ಉಂಟು, ರಿವ್ಯೂಗೆ ಸಂಬಂಧ ಇಲ್ಲ, ಆದ್ರೂ ಹೇಳ್ತೇನೆ. 1981ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಅಲೆಕ್ಸಾಂಡರ್ ಹೇಗ್, ಲಾವೋಸ್ ಕಾಂಬೋಡಿಯಾ ಸೈಡಲ್ಲಿ ಸೋವಿಯತ್‌ನವ್ರು ಕೊಟ್ಟ ವಿಷ ಆಕಾಶದಿಂದ "ಹಳದಿ ಮಳೆ" ಆಗಿ ಬೀಳ್ತಾ ಉಂಟು ಅಂತ ದೊಡ್ಡ ಆಪಾದನೆ ಮಾಡಿದ್ರು. ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್ಸನ್, ಜೇನಿನ ತಜ್ಞ ಥಾಮಸ್ ಸೀಲಿ ಎಲ್ಲ ಸೇರಿ ಆ ಎಲೆ ಮೇಲಿನ ಚುಕ್ಕೆ ಪರೀಕ್ಷೆ ಮಾಡಿ ನೋಡಿದ್ರೆ ಒಳಗೆ ಪರಾಗ ತಿಂದು ಉಳಿದ ಸಿಪ್ಪೆ ಮಾತ್ರ. ಹೆಜ್ಜೇನು ಅಲ್ಲಿ ಗುಂಪಾಗಿ ಹಾರಿ ಒಟ್ಟಿಗೆ ಹಿಕ್ಕೆ ಹಾಕ್ತವೆ ಅಂತ ಥಾಯ್ಲೆಂಡಿಗೆ ಹೋಗಿ ಕಣ್ಣಾರೆ ನೋಡಿಯೂ ಬಂದ್ರು. ನಮ್ಮ ಪಂಚೆ ಕಲೆ ಮಾತ್ರ ಹೋಗ್ಲಿಲ್ಲ. ಪೆಟ್ಟಿಗೆಯ ಮುಖ ಈಗ ತೋಟದ ಕಡೆಗೆ, ಅದನ್ನೂ ಆ ಹಿರಿಯರೇ ಸ್ವಲ್ಪ ಸ್ವಲ್ಪ ತಿರುಗಿಸಿ ಸರಿ ಮಾಡಿ ಕೊಟ್ಟದ್ದು, ಒಮ್ಮೆಲೇ ತಿರುಗಿಸಿದ್ರೆ ಹೊರಗೆ ಹೋದವಕ್ಕೆ ಬಾಗಿಲು ಸಿಗುದಿಲ್ಲ.

ಅವ್ರು ತೋರಿಸಿದ್ದ್ರಲ್ಲಿ ನನಗೆ ತುಂಬಾ ಖುಷಿ ಆದದ್ದು ಒಂದು. ಹೊಸತಾಗಿ ಹುಟ್ಟಿದ ನೊಣ, ಮೈ ಇನ್ನೂ ಬೂದಿ ಬಣ್ಣ, ರೋಮ ಎಲ್ಲ ಅಂಟಿಕೊಂಡಿದ್ದು, ಮೊದ್ಲ ಎರಡು ಮೂರು ದಿನ ಮಾಡುದೇ ಕೋಶ ತೊಳೆಯುವ ಕೆಲಸ. ಖಾಲಿ ಕೋಶಕ್ಕೆ ತಲೆ ಹಾಕಿ ಒಳಗೆ ಹೋದ್ರೆ ಹಿಂದಿನ ಎರಡು ಕಾಲು ಮಾತ್ರ ಹೊರಗೆ, ನೆಕ್ಕಿ ಪಾಲಿಶ್ ಮಾಡಿಯೇ ಬರುದು. ರಾಣಿ ಬಂದು ತಲೆ ತುರುಕಿ ಪರೀಕ್ಷೆ ಮಾಡ್ತಾಳೆ, ಸರಿ ಕಾಣದಿದ್ರೆ ಮೊಟ್ಟೆ ಇಡದೆ ಮುಂದಿನ ಕೋಶಕ್ಕೆ ಹೋಗ್ತಾಳೆ. ಮತ್ತೆ ಮರಿಯೂ ಅಷ್ಟೇ ಶಿಸ್ತು, ತಿನ್ನುವಷ್ಟು ದಿನ ಅದ್ರ ಹೊಟ್ಟೆಯ ಹಿಂದಿನ ದಾರಿ ಬಂದ್ ಇರ್ತದೆ, ತಿನ್ನುದು ಮುಗಿದು ಗೂಡು ನೂಲುವ ಹೊತ್ತಿಗೇ ಒಮ್ಮೆ ಎಲ್ಲ ಬಿಟ್ಟು ಕೋಶದ ತಳಕ್ಕೆ ಅಂಟಿಸ್ತದೆ. ಆ ನೂಲು, ಆ ಹಿಕ್ಕೆ ಪದರ ಪದರ ಸೇರಿಯೇ ಎರಿ ಕಪ್ಪಾಗುದು, ಕೋಶ ಸಣ್ಣ ಆಗುದು. ತುಡುವೆ ಕಪ್ಪು ಎರಿ ಕಡಿದು ಹಾಕುದು ಸುಮ್ನೆ ಅಲ್ಲ. ನೀವು ಬ್ಲೇಡ್ ತಗೊಂಡು ಎರಿ "ಕ್ಲೀನ್" ಮಾಡ್ಲಿಕ್ಕೆ ಹೋಗುದಾದ್ರೆ ಮೊಟ್ಟೆ ಮರಿ ಇಲ್ಲದ ತೀರಾ ಕಪ್ಪು ತುಂಡು ಮಾತ್ರ ತೆಗೀರಿ, ಅದೂ ಬಿಸಿಲಲ್ಲಿ.

ಹಾಗಾದ್ರೆ ಸರ್ವಿಸೇ ಬೇಡ್ವಾ? ಹಾಗಲ್ಲ. ಹೊಸಬ್ರಿಗೆ ಗೊತ್ತಿರುವವ್ರು ಒಬ್ರು ಬೇಕು. ಆ ಹಿರಿಯರು ಬಂದಾಗ ಹೆಚ್ಚೆಂದ್ರೆ ಮುಚ್ಚಳ ಸ್ವಲ್ಪ ಎತ್ತಿ ನೋಡ್ತಾರೆ, ಪೆಟ್ಟಿಗೆಗೆ ಬೆರಳಲ್ಲಿ ಟಕ್ ಅಂತ ಹೊಡೆದು ಕಿವಿ ಇಡ್ತಾರೆ, ಒಳಗಿಂದ ಸುಯ್ ಅಂತ ಒಮ್ಮೆ ಬಂದು ನಿಂತ್ರೆ ಕುಟುಂಬ ಸರಿ ಉಂಟು, ಎಳೆದು ಎಳೆದು ಬೊಬ್ಬೆ ಹಾಕಿದ್ರೆ ರಾಣಿ ನೋಡ್ಬೇಕು ಅಂತಾರೆ. ಅಡಿಹಲಗೆ ಎಳೆದು ನನಗೇ ಕೊಟ್ಟು ಗುಡಿಸ್ಲಿಕ್ಕೆ ಹೇಳ್ತಾರೆ. ಕಾಲು ಗಂಟೆ, ಒಂದು ಚಾ, ಮುಗೀತು. ಇದಕ್ಕೆ ದುಡ್ಡು ಕೊಡ್ಲಿಕ್ಕೆ ನನಗೆ ಬೇಸರ ಇಲ್ಲ. ಆದ್ರೆ ಅಂಗಡಿಯವ್ರು ಅವ್ರನ್ನೇ ಕಳಿಸ್ತೇವೆ ಅಂತ ಗ್ಯಾರಂಟಿ ಕೊಡುದಿಲ್ಲ, "ಯಾರು ಫ್ರೀ ಇದ್ದಾರೋ ಅವ್ರು ಬರ್ತಾರೆ" ಅಂತಾರೆ, ರೇಟ್ ಮಾತ್ರ ಇಬ್ರಿಗೂ ಒಂದೇ. ಪ್ಯಾಕೇಜ್ ಬಿಟ್ಟು ಬೇಕಾದಾಗ ಒಂದು ವಿಸಿಟಿಗೆ ಇಷ್ಟು ಅಂತ ಮಾಡಿ ಅಂದ್ರೆ ಅದಕ್ಕೂ ಒಪ್ಲಿಲ್ಲ. ಪ್ಯಾಕೇಜಿನ ಉಳಿದ ದುಡ್ಡು ವಾಪಸ್ ಬರ್ಲಿಲ್ಲ, ಅದ್ರ ಬದ್ಲು ಎರಡು ಖಾಲಿ ಚೌಕಟ್ಟು ಕೊಟ್ಟಿದ್ದಾರೆ, ಅದೂ ಒಂದು ಸ್ವಲ್ಪ ಸೊಟ್ಟ.

ತಗೊಳ್ಳುವವ್ರಿಗೆ ಕೊನೆಗೆ ಒಂದು. ಇವ್ರ ಹತ್ರ ಮೇಲಿನ ಜೇನು ಕೋಣೆ ಬೇರೆಯಾಗಿ ಸಿಗ್ತದೆ, ಪೆಟ್ಟಿಗೆಯ ಒಟ್ಟಿಗೆ ಬರುದಿಲ್ಲ. ರಬ್ಬರ್ ಎಲೆ ಉದುರಿ ಹೊಸ ಚಿಗುರು ಬರುವಾಗ ಅದ್ರ ಎಲೆ ತೊಟ್ಟಿನಿಂದಲೇ ಸಿಹಿ ಒಸರ್ತದೆ, ಜನವರಿ ಮುಗೀತಾ ಬರುವಾಗ ಶುರು ಆದ್ರೆ ನೊಣಗಳಿಗೆ ಇಡ್ಲಿಕ್ಕೆ ಜಾಗ ಸಾಲುದಿಲ್ಲ, ಆಗ ಎಲ್ಲರೂ ಒಟ್ಟಿಗೆ ಫೋನ್ ಮಾಡುದು, ಸ್ಟಾಕ್ ಇರುದಿಲ್ಲ. ಡಿಸೆಂಬರಲ್ಲೇ ಹೇಳಿ ಅಡ್ವಾನ್ಸ್ ಕೊಟ್ಟು ಇಡಿ, ಮತ್ತೆ ತಗೊಳ್ಳುವಾಗ ನಿಮ್ಮ ಪೆಟ್ಟಿಗೆ ಮೇಲೆ ಸರಿ ಕೂರ್ತದಾ ಅಂತ ಅಲ್ಲೇ ಇಟ್ಟು ನೋಡಿ. ಬೇರೆ ಲಾಟಿನದ್ದಾದ್ರೆ ಅಳತೆ ಸ್ವಲ್ಪ ಹೆಚ್ಚು ಕಮ್ಮಿ ಬರ್ತದೆ.